‘ಸ್ವಲ್ಪ ತಡೀರಿ’ ನೀಲಮ್ಮನವರು
ಸನತ್‌ನಗರದ ನಮ್ಮ ಹಳೆಯ ಅಪಾರ್ಟ್‌ಮೆಂಟಿನ ಸಭೆಗಳೆಂದರೆ ನನಗೆ ಮೊದಲು ನೆನಪಾಗುವವರು ರಾಯಚೂರಿನ ನೀಲಮ್ಮನವರು. ಎಲ್ಲರೂ ‘ಆಯ್ತು’ ಎಂದು ಏಳುವ ಹೊತ್ತಿಗೆ ‘ಸ್ವಲ್ಪ ತಡೀರಿ, ನಾ ಇನ್ನೂ ವಿಚಾರ ಮಾಡಾಕತ್ತೀನಿ’ ಎನ್ನುವುದು ಅವರ ಪದ್ಧತಿ. ಗೋಡೆಗೆ ಯಾವ ಬಣ್ಣ, ಗಣಪತಿಯನ್ನು ಎಲ್ಲಿ ಕೂರಿಸಬೇಕು, ಕಡೆಗೆ ಚಹಾಕ್ಕೆ ಶುಂಠಿ ಬೇಕೇ ಎನ್ನುವುದಕ್ಕೂ ಅವರು ತಡೆಯುತ್ತಿದ್ದರು. ಒಮ್ಮೆ ಅವರ ಮಾತನ್ನೇ ಎಲ್ಲರೂ ಚರ್ಚೆಯಿಲ್ಲದೆ ಒಪ್ಪಿದಾಗ, ‘ಇಷ್ಟು ಲಗೂನ ಒಪ್ಪಿದ್ರಂದ್ರ ನಂದೇ ಏನೋ ತಪ್ಪಿರಬೇಕು, ಮತ್ತೊಮ್ಮೆ ನೋಡೋಣ್ರಿ’ ಎಂದುಬಿಟ್ಟರು. ಗಂಡಸರು ಗಡಿಯಾರ ನೋಡುತ್ತಿದ್ದರು. ನಾವು ಹೆಂಗಸರು ಸೆರಗು ಅಡ್ಡ ಹಿಡಿದು ನಗುತ್ತಿದ್ದೆವು. ಈಗ ನಾನಿರುವ ಮಣಿಕೊಂಡದ ಹೊಸ ಅಪಾರ್ಟ್‌ಮೆಂಟಿನಲ್ಲಿ ಸಭೆಯೇ ಇಲ್ಲ. ಮೊಬೈಲಿನ ಗ್ರೂಪಿನಲ್ಲಿ ಸಾಲಾಗಿ ಒಪ್ಪಿಗೆಯ ಹೆಬ್ಬೆರಳುಗಳು ಬೀಳುತ್ತವೆ, ತೀರ್ಮಾನ ಮುಗಿಯುತ್ತದೆ. ಆಗೆಲ್ಲ ಸನತ್‌ನಗರದಲ್ಲಿ ನೀರಿನ ಮೋಟರು ಕಳುವಾದ ಆ ಭಾನುವಾರ ನೆನಪಾಗುತ್ತದೆ. ಕಾವಲುಗಾರ ಯಾದಗಿರಿಯೇ ಕದ್ದನೆಂದೂ ಅವನ ಸಂಸಾರವನ್ನು ಅಂದೇ ಹೊರಗೆ ಹಾಕಬೇಕೆಂದೂ ಸಭೆಗೆ ಸಭೆಯೇ ಕೂಗುತ್ತಿತ್ತು. ನೀಲಮ್ಮನವರು ಎದ್ದು, ‘ತಡೀರಿ. ಅಂವ ಕದ್ದಿದ್ದು ಯಾರು ನೋಡೀರಿ?’ ಎಂದರು. ಕಾರ್ಯದರ್ಶಿ ಎದುರುಮನೆಯವರಿಂದ ಕೇಳಿದ್ದರು, ಎದುರುಮನೆಯವರು ಮೇಲಿನ ಮನೆಯವರಿಂದ, ಮೇಲಿನ ಮನೆಯವರು ಕಾರ್ಯದರ್ಶಿಯಿಂದಲೇ. ಹೊರಗೆ ಹಾಕುವ ಮಾತು ಅಲ್ಲಿಗೇ ಬಿತ್ತು, ಯಾದಗಿರಿ ಉಳಿದ. ಈ ಹೆಂಗಸಿಗೆ ಹೆದರಿಕೆಯೆಂಬುದೇ ಗೊತ್ತಿಲ್ಲ ಎಂದು ನಾನು ತಿಳಿದಿದ್ದೆ. ಆದರೆ ಪಕ್ಕದಲ್ಲಿ ಬಂದು ಕೂತು ನನ್ನ ಕೈ ಹಿಡಿದಾಗ ಅವರ ಅಂಗೈ ಬೆವರಿ ಒದ್ದೆಯಾಗಿತ್ತು. ‘ಒಂದೀಟು ನೀರು ಕೊಡವಾ,’ ಎಂದರು ಮೆಲ್ಲಗೆ, ‘ಕಾಲು ಭಾಳ ನಡುಗಾಕತ್ತಾವ.’