ಓರೆಯಾದ ಅಡ್ಡಮರಗಳು

ಮ್ಯಾಕ್ವೆರಿ ಪಾರ್ಕ್ ಬಡಾವಣೆಯ ಔಷಧ ಕಂಪನಿಯಿಂದ ನಿವೃತ್ತರಾದ ಮೇಲೆ ಓಸ್ವಾಲ್ಡ್ ಪಿಂಟೊ ಮನೆಯಲ್ಲಿ ಕೂರಲಿಲ್ಲ. ಸಿಡ್ನಿ ಬಂದರಿನಲ್ಲಿ ಹಳೆಯ ಕಾಲದ ಯುದ್ಧನೌಕೆಯ ಮಾದರಿಯಲ್ಲೇ ಕಟ್ಟಿದ ಹಾಯಿಹಡಗೊಂದಿತ್ತು. ಅಲ್ಲಿಗೆ ಸ್ವಯಂಸೇವಕರಾಗಿ ಸೇರಿಕೊಂಡರು. ನೆಟ್ಟಗೆ ನಿಂತ ಮೂರು ಎತ್ತರದ ಕೂವೆಮರಗಳು, ಹಾಯಿ ಕಟ್ಟಲು ಅವುಗಳಿಗೆ ತೂಗಿಬಿಟ್ಟ ಅಡ್ಡಮರಗಳು, ಎಲ್ಲವನ್ನೂ ಹಿಡಿದು ನಿಲ್ಲಿಸುವ ಹಗ್ಗಗಳ ಕಾಡು. ಕೂವೆಮರ ಹತ್ತಿ ಸವೆದ ಹಗ್ಗ ಹುಡುಕಿ ಬದಲಿಸುವುದು, ಹಗ್ಗಗಳಿಗೆ ಟಾರು ಬಳಿಯುವುದು ಅವರ ಕೆಲಸ.

ಹೆಂಡತಿ ಹೇಜಲ್‌ಗೆ ಆ ಹಡಗೆಂದರೆ ಆಗುತ್ತಿರಲಿಲ್ಲ. ಗಂಡ ಚರ್ಚಿನ ಭಾನುವಾರದ ಪೂಜೆಗೂ ಟಾರಿನ ವಾಸನೆ ಹೊತ್ತೇ ಬರುತ್ತಿದ್ದರು.

“ಈ ವಯಸ್ಸಲ್ಲಿ ಅಷ್ಟು ಮೇಲೆ ಹತ್ತುವುದಾ? ಎಂತ ಉಂಟು ಅಲ್ಲಿ?”

“ಎಂತ ಇಲ್ಲ ಮಾರಾಯ್ತಿ, ಗಾಳಿ ಉಂಟು. ಒಮ್ಮೆ ಬಂದು ನೋಡು.”

ಅವಳು ಹೋಗಲಿಲ್ಲ. ಒಂದು ದಿನ ಅಲ್ಲಿಂದ ಬಿದ್ದೇ ಸಾಯುತ್ತಾರೆ ಎಂಬ ಹೆದರಿಕೆ ಅವಳ ಎದೆಯಲ್ಲಿ ಕಲ್ಲಿನಂತೆ ಕೂತಿತ್ತು. ಆದರೆ ಆಗಸ್ಟಿನ ಒಂದು ಬೆಳಿಗ್ಗೆ, ಹ್ಯಾರಿಸ್ ಪಾರ್ಕಿನ ಇಂಡಿಯನ್ ಅಂಗಡಿಯಲ್ಲಿ ಕುಚ್ಚಲಕ್ಕಿಯ ಚೀಲ ಎತ್ತಲು ಬಗ್ಗಿದ ಓಸ್ವಾಲ್ಡ್ ಮತ್ತೆ ಏಳಲಿಲ್ಲ. ಹೃದಯ ನಿಂತುಹೋಗಿತ್ತು.

ಹೇಜಲ್ ಅಳಲಿಲ್ಲ. ಬಂದವರಿಗೆಲ್ಲ ಕಾಫಿ ಮಾಡಿಕೊಟ್ಟಳು. ಮಣ್ಣು ಮಾಡಿ ಬಂದ ಮೇಲೆ ಮನೆಯನ್ನು ಮೂಲೆ ಬಿಡದೆ ಒರೆಸಿದಳು. ಮಗಳು ಗ್ಲೆನಿಟಾ ಬಟ್ಟೆ ಕಸಿದುಕೊಳ್ಳುವವರೆಗೂ ಒರೆಸಿದಳು.

ಓಸ್ವಾಲ್ಡ್ ಜೊತೆ ಹಡಗಿನಲ್ಲಿ ದುಡಿಯುತ್ತಿದ್ದ ಶಿವಮೊಗ್ಗದ ಸುಧನ್ವ ಫೋನ್ ಮಾಡಿದ. “ಆಂಟಿ, ಅಂಕಲ್ ಸಾಮಾನು ಲಾಕರ್‌ನಲ್ಲಿದೆ. ನೀವೇ ಬಂದ್ರೆ ಒಳ್ಳೇದು.”

ಮಗಳೊಂದಿಗೆ ಬಂದರಿಗೆ ಹೋದ ಹೇಜಲ್ ಹಡಗನ್ನು ಕಂಡು ನಿಂತುಬಿಟ್ಟಳು. ಅಡ್ಡಮರಗಳು ಒಂದು ಆ ಕಡೆಗೆ, ಇನ್ನೊಂದು ಈ ಕಡೆಗೆ ವಾಲಿದ್ದವು. ಹಗ್ಗಗಳು ಸಡಿಲವಾಗಿ ಜೋತಾಡುತ್ತಿದ್ದವು. ಅವಳಿಗೆ ಸಿಟ್ಟು ನೆತ್ತಿಗೇರಿತು.

“ಅವರು ಹೋಗಿ ವಾರ ಆಗಲಿಲ್ಲ, ಹಡಗನ್ನು ಹೀಗೆ ಬಿಟ್ಟಿದ್ದೀರಾ? ಅವರು ಪ್ರಾಣದ ಹಾಗೆ ನೋಡಿಕೊಂಡದ್ದು ಇದನ್ನಾ?”

ಸುಧನ್ವ ಮೆಲ್ಲಗೆ ಹೇಳಿದ: “ಬೇಕಂತಲೇ ಮಾಡಿದ್ದು ಆಂಟಿ. ಹಿಂದೆ ನೇವಿಯಲ್ಲಿ ಯಾರಾದ್ರೂ ತೀರಿಹೋದ್ರೆ ಹೀಗೆ ಹಗ್ಗ ಸಡಿಲಿಸಿ, ಮರಗಳನ್ನ ಓರೆ ಮಾಡ್ತಿದ್ರು. ದುಃಖದಲ್ಲಿ ಹಡಗನ್ನ ನೀಟಾಗಿ ಇಡೋಕೂ ಮನಸ್ಸಿಲ್ಲ ಅಂತ. ಅಂಕಲ್‌ಗೋಸ್ಕರ ಪರ್ಮಿಷನ್ ಕೇಳಿ ನಾವೇ ಮಾಡಿದ್ವಿ.”

ಹೇಜಲ್ ದಡದಲ್ಲಿ ಹಗ್ಗ ಸುತ್ತುವ ಕಬ್ಬಿಣದ ಗೂಟದ ಮೇಲೆ ಕುಸಿದು ಕೂತಳು. ಆಮೇಲೆ ಅತ್ತಳು, ಅಲ್ಲಿ ಓಡಾಡುವವರು ತಿರುಗಿ ನೋಡುವಷ್ಟು ಜೋರಾಗಿ.

“ಮಮ್, ಲೆಟ್ಸ್ ಗೋ ಹೋಮ್,” ಎಂದಳು ಗ್ಲೆನಿಟಾ.

“ಇರು.” ಹೇಜಲ್ ಕಣ್ಣೊರೆಸಿಕೊಂಡು ಸುಧನ್ವನನ್ನು ಕೇಳಿದಳು: “ಯಾವಾಗ ಸರಿ ಮಾಡುತ್ತೀರಿ?”

“ಈಗ ಶುರು ಮಾಡ್ಬೇಕು. ನಾಳೆ ಹಡಗು ನೋಡೋಕೆ ಜನ ಬರ್ತಾರೆ.”

“ನಾನೂ ಹಗ್ಗ ಎಳೆಯುತ್ತೇನೆ.”

ಯಾರೂ ಬೇಡವೆನ್ನಲಿಲ್ಲ. ಹಡಗಿನ ಮೇಲೆ ಹಗ್ಗ ಹಿಡಿದು ಸಾಲಾಗಿ ನಿಂತ ಸ್ವಯಂಸೇವಕರು ತಮ್ಮ ನಡುವೆ ಅವಳಿಗೂ ಜಾಗ ಬಿಟ್ಟರು. ಕೂಗು ಕೊಟ್ಟಾಗಲೆಲ್ಲ ಎಲ್ಲರೂ ಒಟ್ಟಿಗೆ ಹಿಂದಕ್ಕೆ ವಾಲಿ ಎಳೆದರು. ರಾಟೆಗಳು ಕಿರುಗುಟ್ಟಿದವು, ಅಂಗೈ ಉರಿಯಿತು. ಮೇಲೆ ಆ ಭಾರದ ಮರ ಒಂದಿಷ್ಟೇ ಅಲುಗಿ, ನಿಂತು, ಮತ್ತೆ ಅಲುಗಿ ಸಮವಾಗುತ್ತ ಬಂತು.

ಕೊನೆಯ ಹಗ್ಗ ಬಿಗಿದ ಮೇಲೆ ಅವಳು ಕೇಳಿದಳು: “ಅವರು ಎಲ್ಲಿಯವರೆಗೆ ಹತ್ತುತ್ತಿದ್ದರು?”

ಸುಧನ್ವ ನಡುವಿನ ಕೂವೆಮರದ ತುತ್ತತುದಿಗೆ ಕೈ ತೋರಿಸಿದ. ಹೇಜಲ್ ತಲೆಯೆತ್ತಿ ಕತ್ತು ನೋಯುವವರೆಗೂ ನೋಡಿದಳು. ಮಗಳು ಪಕ್ಕಕ್ಕೆ ಬಂದು ಅವಳ ಬೆನ್ನಿಗೆ ಕೈ ಆನಿಸಿ ನಿಂತಳು.