ಭುಜದ ಮೇಲಿನ ಬಿಳಿ ಚೌಕ

ಶುಕ್ರವಾರ ನನಗೆ ಮನೆಯಿಂದಲೇ ಕೆಲಸ. ಅವತ್ತು ಬೆಳಗ್ಗೆ ಅತ್ತೆ ನನ್ನ ತಲೆಗೆ, ಬೆನ್ನಿಗೆ ಎಣ್ಣೆ ತಿಕ್ಕಿ ಸ್ನಾನಕ್ಕೆ ಕಳಿಸುವುದು ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿ. ಮೈಸೂರಿನಿಂದ ಚೆನ್ನೈಗೆ ಬಂದ ಮೇಲೂ ಅವರು ಬಿಡಲಿಲ್ಲ. ಹರಳೆಣ್ಣೆಯ ಜೊತೆ ಇಲ್ಲಿನ ಎಳ್ಳೆಣ್ಣೆಯೂ ಸೇರಿತು, ಅಷ್ಟೇ.

ಉಳಿದ ದಿನ ಶೋಳಿಂಗನಲ್ಲೂರಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಕೂತು ನನ್ನ ಬಲಭುಜ ಹಿಡಿದುಕೊಂಡಿತ್ತು. ಮೆಡಿಕಲ್ ಶಾಪಿನಿಂದ ನೋವಿನ ಪ್ಯಾಚ್ ತಂದು ದಿನಾ ಅದೇ ಜಾಗಕ್ಕೆ ಅಂಟಿಸಿಕೊಳ್ಳುತ್ತಿದ್ದೆ. ಕೆಲವು ತಿಂಗಳ ಮೇಲೆ ಕನ್ನಡಿಯಲ್ಲಿ ನೋಡಿದರೆ ಭುಜದ ಹಿಂದೆ ಪ್ಯಾಚಿನಷ್ಟೇ ಅಗಲದ, ಮೂಲೆ ಸಮೇತ ಒಂದು ಬಿಳಿ ಚೌಕ! ತೊನ್ನು ಎಂದೇ ಎಣಿಸಿದೆ. ತೊನ್ನು ಹೀಗೆ ಅಳತೆ ಹಿಡಿದು ಬರುತ್ತದೆಯೇ ಎಂದು ಯೋಚಿಸುವಷ್ಟು ಬುದ್ಧಿ ಓಡಲಿಲ್ಲ. ಅತ್ತೆಯ ಕಣ್ಣಿಗೆ ಅದಿನ್ನೂ ಬಿದ್ದಿರಲಿಲ್ಲ; ಕಂಡರೆ ನನ್ನನ್ನು ಮುಟ್ಟಲೂ ಹಿಂಜರಿದಾರು ಎಂದು ಹೆದರಿ, ಅದು ಮುಚ್ಚಿಹೋಗಲಿ ಅಂತ ಅದರ ಮೇಲೆಯೇ ಇನ್ನೊಂದು ಪ್ಯಾಚ್ ಅಂಟಿಸಿದೆ. ನನ್ನ ಜಾಣತನ ಅಂಥದ್ದು.

ಶುಕ್ರವಾರ ಬಂದರೆ ಒಂದೊಂದು ನೆಪ: ಮೀಟಿಂಗ್, ನೆಗಡಿ, ನಲ್ಲಿಯಲ್ಲಿ ನೀರಿಲ್ಲ. ನಾಲ್ಕನೆಯ ವಾರ ಅತ್ತೆ ಎಣ್ಣೆ ಬಟ್ಟಲನ್ನು ಕಪಾಟಿನೊಳಗಿಟ್ಟುಬಿಟ್ಟರು.

"ನನ್ನ ಕೈ ಒರಟಾಯ್ತೇನೋ. ಬೇಡ ಅಂದ್ರೆ ಬಾಯ್ಬಿಟ್ಟು ಹೇಳ್ಬಿಡಮ್ಮ, ನಂಗೇನೂ ಬೇಜಾರಿಲ್ಲ."

ಬೇಜಾರು ಮುಖದ ತುಂಬ ಇತ್ತು.

ಅವತ್ತೇ ಸಂಜೆ ಚರ್ಮದ ಡಾಕ್ಟರ ಬಳಿ ಓಡಿದೆ. ಅವರು ಚೌಕವನ್ನೂ ನನ್ನ ಚೀಲದಲ್ಲಿದ್ದ ಪ್ಯಾಚನ್ನೂ ಜೊತೆಗಿಟ್ಟು ನೋಡಿ ನಕ್ಕೇಬಿಟ್ಟರು. ಕೆಲವರ ಚರ್ಮಕ್ಕೆ ಇದು ಒಗ್ಗುವುದಿಲ್ಲ, ಅಂಟಿಸಿದ ಜಾಗದ ಬಣ್ಣ ಹೋಗುತ್ತದೆ, ಮೊದಲು ಇದನ್ನು ನಿಲ್ಲಿಸಿ ಎಂದರು. ಬಣ್ಣ ಮರಳಿದರೂ ಮರಳಬಹುದು, ಇಲ್ಲದೆಯೂ ಇರಬಹುದಂತೆ.

ಮುಂದಿನ ಶುಕ್ರವಾರ ಬಟ್ಟಲನ್ನು ನಾನೇ ತೆಗೆದು, ಎಣ್ಣೆ ಬಿಸಿ ಮಾಡಿ, ಅತ್ತೆಯ ಮುಂದೆ ಮಣೆ ಹಾಕಿಕೊಂಡು ಬೆನ್ನು ತಿರುಗಿಸಿ ಕೂತೆ. ಹೇಳಬೇಕಾದದ್ದನ್ನೆಲ್ಲ ಗೋಡೆ ನೋಡಿಕೊಂಡೇ ಹೇಳಿದೆ. ಅವರ ಬೆಚ್ಚನೆಯ ಹೆಬ್ಬೆರಳು ಸರಿಯಾಗಿ ಚೌಕದ ನಡುವೆ ಬಂದು ಕೂತಿತು.

"ಇಷ್ಟು ದಿನ ನೋವು ಇಲ್ಲಿದ್ಯಾ, ಅಲ್ಲಿದ್ಯಾ ಅಂತ ತಡಕಾಡ್ತಿದ್ದೆ. ಈಗ ನೀನೇ ಗುರ್ತು ಹಾಕ್ಕೊಂಡು ಬಂದಿದೀಯಲ್ಲೇ," ಎಂದು ಚೆನ್ನಾಗಿ ಒತ್ತಿದರು.

ಬಣ್ಣ ಇನ್ನೂ ಪೂರ್ತಿ ಬಂದಿಲ್ಲ. ನನಗೂ ಅವಸರವಿಲ್ಲ.