ಅಣ್ಣನ ಕಾರ್ಡಿನ ನಾಲ್ಕು ಅಂಕಿ

ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ, ಕಾಸಾರಶಿರಸಿಯ ನನ್ನ ಬಟ್ಟೆ ಅಂಗಡಿಯ ಕಟ್ಟೆಯಿಂದ ಅವರನ್ನು ಎಬ್ಬಿಸಿ ಕಳಿಸುತ್ತಿದ್ದವನು ನಾನು. ಈಗ ಹಾಗೆ ಎಬ್ಬಿಸುವ ಧೈರ್ಯವಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮ್ಮದು.

ನನ್ನ ಅಣ್ಣ ಉದಗೀರದ ದನದ ಬಾಜಾರದಲ್ಲಿ ದಲಾಲ. ಅಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಕೈ ಒಬ್ಬರು ಹಿಡಿದು, ಎಷ್ಟು ಬೆರಳು ಒತ್ತಿದರೆ ಅಷ್ಟು. ಕೊನೆಗೆ ಇಡೀ ಅಂಗೈ ಹಿಚುಕಿದರೆ ಮಾತು ಮುಗಿಯಿತು. ಅವನ ಹಿಂದೆ ನಿಂತು ನಾನೂ ಇದನ್ನು ಕಲಿತಿದ್ದೆ.

ಕೆಲವು ವರ್ಷಗಳ ಹಿಂದೆ ಅಣ್ಣ, ಅವನ ಹೆಂಡತಿ ವೈನಿ, ನಾನು ಪಶುಪತಿನಾಥನ ದರ್ಶನಕ್ಕೆ ಕಠ್ಮಂಡುವಿಗೆ ಹೊರಟೆವು. ಅಣ್ಣ ಮಾತ್ರ ಬ್ಯಾಂಕಿಗೆ ಹೋಗಿ, ತನ್ನ ಎಟಿಎಂ ಕಾರ್ಡು ಹೊರದೇಶದಲ್ಲೂ ನಡೆಯುವಂತೆ ಮಾಡಿಸಿಕೊಂಡು ಬಂದ. ನನಗೆ ನಗು.

“ನೇಪಾಳ ಎಲ್ಲಿ ಪರದೇಶ ಅಣ್ಣಾ? ದೇವರು ನಮ್ಮಾಂವಾ.”

“ದೇವರು ನಮ್ಮಾಂವಾ ಇರಲಿ. ಮಷೀನ ನಮ್ಮಪ್ಪಂದಲ್ಲ.”

“ಹಂಗಾದ್ರ ನಂಬರ ನನಗೂ ಹೇಳಿಡು.”

“ಹುಚ್ಚಾ, ದಲಾಲ ಎಲ್ಲೆರೆ ಬಾಯಿಬಿಟ್ಟು ನಂಬರ ಹೇಳ್ತಾನೇನು?”

ವೈನಿ ಬಾಯಿಗೆ ಸೆರಗಿಟ್ಟು ನಕ್ಕರು. ಅವರಿಗೂ ಅವನು ಹೇಳಿರಲಿಲ್ಲ.

ದರ್ಶನದ ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದ ಅಣ್ಣ ಪಕ್ಕಕ್ಕೆ ವಾಲಿಬಿಟ್ಟ. ತಲೆಯೊಳಗೆ ರಕ್ತಸ್ರಾವವಾಗಿದೆ, ಎಚ್ಚರ ತಪ್ಪಿದೆ, ಬಲಗೈ ಬಲಗಾಲಿನಲ್ಲಿ ಜೀವವಿಲ್ಲ, ಇವತ್ತೇ ಆಪರೇಷನ್ ಆಗಬೇಕು, ಮೊದಲು ಮುಂಗಡ ಕಟ್ಟಿ ಎಂದರು ಆಸ್ಪತ್ರೆಯವರು. ನನ್ನ ಕಾರ್ಡನ್ನು ಅಲ್ಲಿನ ಮಷೀನು ನುಂಗಿದಂತೆ ಮಾಡಿ ಹೊರಗೆ ಉಗುಳಿತು. ಊರಿಗೆ ಫೋನು ಹಚ್ಚಿದರೆ, ದುಡ್ಡು ಗಡಿ ದಾಟಲು ಎರಡು ದಿನ ಬೇಕೆಂದರು. ಅಣ್ಣನ ಕಾರ್ಡು ಹಾಕಿದೆ. ಅವನ ಫೋನಿನ ಕೊನೆಯ ನಾಲ್ಕು ಅಂಕಿ ಒತ್ತಿದೆ, ತಪ್ಪು. ಸಾಸ್ತೂರಿನಲ್ಲಿ ನಮ್ಮ ಅಕ್ಕ ಗೋಡೆಯ ಕೆಳಗೆ ಹೋದ ಭೂಕಂಪದ ವರ್ಷ ಒತ್ತಿದೆ, ಅದೂ ತಪ್ಪು. ಮೂರನೆಯದೂ ತಪ್ಪಿದರೆ ಕಾರ್ಡು ಬಂದ್.

ಮಧ್ಯಾಹ್ನ ಅಣ್ಣನ ಮಂಚದ ಬಲಕ್ಕೆ ಬಂದು ಕೂತೆ. ಅವನ ಎಡಗೈ ವೈನಿಯ ಕೈಯಲ್ಲಿತ್ತು. ಕಂಬಳಿಯ ಕೆಳಗೆ ಅವನ ಬಲಗೈ ಹಿಡಿದು ಅಳುತ್ತಿದ್ದೆ. ಆ ಕೈ ನನ್ನ ಕೈಯನ್ನು ಒತ್ತಿತು. ಮೂರು ಬೆರಳು. ಸಡಿಲವಾಯಿತು. ಮತ್ತೆ ಒತ್ತಿತು. ಹೀಗೆ ನಾಲ್ಕು ಸಲ. ಉಳಿದ ಮೂರು ಅಂಕಿ ನಾನೂ ಬಾಯಿಬಿಟ್ಟು ಹೇಳುವುದಿಲ್ಲ. ಕೊನೆಗೆ ಇಡೀ ಅಂಗೈ ಹಿಚುಕಿತು. ಮುಖ ನೋಡಿದೆ. ಮುಚ್ಚಿದ ಕಣ್ಣು ಅಲುಗಿರಲಿಲ್ಲ.

ಓಡಿದೆ. ಒತ್ತಿದೆ. ಮಷೀನು ನೋಟು ಎಣಿಸತೊಡಗಿತು.

ಆದರೆ ಒಂದು ದಿನಕ್ಕೆ ಇಷ್ಟೇ ಎಂಬ ಮಿತಿಯೊಂದಿತ್ತು. ಸಿಕ್ಕಿದ್ದು ಮುಂಗಡದ ಅರ್ಧ. ಉಳಿದದ್ದು ನಾಳೆ ಬೆಳಿಗ್ಗೆ ಕಟ್ಟುತ್ತೇನೆಂದು ಆಸ್ಪತ್ರೆಯವರ ಕಾಲು ಹಿಡಿದೆ. ಅವರು ಹೂಂ ಅನ್ನಲಿಲ್ಲ. ಬೆಳಗಾಗುವಷ್ಟರಲ್ಲಿ ಅಣ್ಣ ಇರಲಿಲ್ಲ. ಅದೇ ನಂಬರು ಮರುದಿನವೂ ನಡೆಯಿತು. ಆ ದುಡ್ಡು ಅವನನ್ನು ಊರಿಗೆ ತಂದ ಗಾಡಿಗೆ ಹೋಯಿತು.

ದಾರಿಯಲ್ಲಿ ವೈನಿ ಕೇಳಿದರು: “ನಂಬರ ನಿಮಗ ಯಾರ್ ಹೇಳಿದ್ರು?”

“ಅಣ್ಣ. ನಿನ್ನೆ ಮಧ್ಯಾಹ್ನ, ಕೈ ಒತ್ತಿ. ನೀವು ಎದುರಿಗೇ ಇದ್ರಿ.”

“ಆ ಕೈ ನಾನೂ ಮುಟ್ಟಿ ನೋಡೀನ್ರೀ. ಕಟ್ಟಿಗಿ ಆಗಿತ್ತದು.”

ನಿಲಂಗೆಯ ಡಾಕ್ಟರೊಬ್ಬರು, ನರಗಳು ತಾವಾಗಿ ಎಳೆಯುವುದುಂಟು ಎಂದರು. ಎಳೆಯಲಿ. ನಾಲ್ಕು ಅಂಕಿಯನ್ನು ಸರಿಯಾಗಿ ಎಳೆಯುತ್ತವೆಯೇ? ಹೇಳುವಷ್ಟು ಎಚ್ಚರ ಅವನಿಗಿದ್ದರೆ, ಆ ದುಡ್ಡಿನಿಂದ ತಾನು ಉಳಿಯುವುದಿಲ್ಲ ಎಂಬುದೂ ಗೊತ್ತಿತ್ತೇ? ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ.

ಅಣ್ಣನನ್ನು ಸಮಾಧಿಯಲ್ಲಿ ಕೂಡಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟರು. ಮಣ್ಣು ಹಾಕುವ ಮೊದಲು ಕೆಳಗಿಳಿದು, ಹೊದಿಸಿದ ವಸ್ತ್ರದ ಕೆಳಗೆ ಕೈ ಹಾಕಿ ಅವನ ಬಲಗೈ ಹಿಡಿದೆ. ಬೆರಳು ಒತ್ತಿ, ಗೊತ್ತಿತ್ತೇನು ಎಂದು ಕೇಳಿದೆ. ಜನ ಸಾಕು ಬಾ ಎನ್ನುವವರೆಗೂ ಹಿಡಿದೇ ಇದ್ದೆ.